ಕಾಲೇಜು ವಿದ್ಯಾರ್ಥಿಗಳಿಗೆ ಆರೋಗ್ಯ ವಿಮೆ

ಆರೋಗ್ಯವೇ ಭಾಗ್ಯವೆಂದು ಹಿರಿಯರು ಹೇಳಿದ್ದಾರೆ. ಈ ಮಾತನ್ನು ನಾವು ಪ್ರಬಂಧದಲ್ಲಿ ಬರೆಯುತ್ತೇವೆ, ಶಾಲೆಯ ಗೋಡೆಯ ಮೇಲೂ ಬರೆಸುತ್ತೇವೆ. ಆದರೆ ಊರು ಬಿಟ್ಟು ಕಾಲೇಜು ಸೇರಿದ ಮಗನೋ ಮಗಳೋ ಕಾಯಿಲೆ ಬಿದ್ದರೆ ಆಸ್ಪತ್ರೆಯ ಖರ್ಚನ್ನು ಯಾರು ಭರಿಸಬೇಕೆಂದು ಎಷ್ಟು ಮನೆಗಳಲ್ಲಿ ಮೊದಲೇ ಯೋಚಿಸುತ್ತೇವೆ?

ಶಾಲೆಯಲ್ಲಿರುವಷ್ಟು ಕಾಲ ಸರ್ಕಾರದ ಕಣ್ಣು ಮಕ್ಕಳ ಮೇಲಿರುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ 18 ವರ್ಷದವರೆಗೆ ಆರೋಗ್ಯ ತಪಾಸಣೆಯುಂಟು. ಕಾಲೇಜಿನ ಮೆಟ್ಟಿಲು ಹತ್ತಿದೊಡನೆ ಆ ಕೈ ಬಿಟ್ಟುಹೋಗುತ್ತದೆ.

ನಮ್ಮ ನುಡಿಯವರೇ ಇರುವ ಒಂದು ಸೀಮೆಯನ್ನು ನೋಡೋಣ. ತಮಿಳುನಾಡಿನ ಕಂಬಂ ಕಣಿವೆಯಲ್ಲೂ ದಿಂಡಿಗಲ್ ಕಡೆಯಲ್ಲೂ ಮನೆಯೊಳಗೆ ಕನ್ನಡ, ಹೊರಗೆ ತಮಿಳು ಆಡುವ ಕುಟುಂಬಗಳು ತಲೆತಲಾಂತರದಿಂದ ಬಾಳುತ್ತಿವೆ. ಅಲ್ಲಿ ಭತ್ತದ ಗದ್ದೆ, ದ್ರಾಕ್ಷಿ ತೋಟಗಳಿವೆ. ಗಡಿಯಾಚೆ ಕೇರಳದ ಏಲಕ್ಕಿ ತೋಟಗಳಲ್ಲಿ ಕಣಿವೆಯ ಅನೇಕರಿಗೆ ಕೂಲಿಯುಂಟು. ತೇನಿ ಜಿಲ್ಲೆಗೆ ಮೊದಲೇ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ದಿಂಡಿಗಲ್ಲಿನ ಕಾಲೇಜು 2022ರಲ್ಲಿ ಉದ್ಘಾಟನೆಯಾಯಿತು. ಆಸ್ಪತ್ರೆ ಹತ್ತಿರವಾಯಿತು, ಸಂತೋಷ. ಆದರೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾಗಿ ಬಂದಾಗ ಕೈ ಹಿಡಿಯುವುದು ವಿಮೆಯೇ.

ತಮಿಳುನಾಡು ಸರ್ಕಾರ 2009ರಲ್ಲಿ ಬಡ ಕುಟುಂಬಗಳಿಗೆ ವಿಮೆ ತಂದಿತು. 2012ರ ಜನವರಿಯಿಂದ ಅದು ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆಯಾಗಿದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುತ್ತದೆ. ಮಕ್ಕಳಿಗೆ ನೌಕರಿ ಸಿಗುವವರೆಗೆ, ಮದುವೆಯಾಗುವವರೆಗೆ ಅಥವಾ 25 ವರ್ಷ ತುಂಬುವವರೆಗೆ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಹೆತ್ತವರ ಕಾರ್ಡಿನಲ್ಲಿಯೇ ರಕ್ಷಣೆಯುಂಟು. ಇದು ಮೆಚ್ಚತಕ್ಕ ನಿಯಮ.

ಕೊರತೆ ಇರುವುದು ವರಮಾನದ ಮಿತಿಯಲ್ಲಿ. 72,000 ರೂಪಾಯಿ ಇದ್ದ ಮಿತಿಯನ್ನು 2022ರಲ್ಲಿ 1,20,000ಕ್ಕೆ ಏರಿಸಲಾಯಿತು. ಅಂದರೆ ತಿಂಗಳಿಗೆ 10,000 ರೂಪಾಯಿ. ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋಗುವ ಮನೆ ಈ ಗೆರೆಯನ್ನು ಸುಲಭವಾಗಿ ದಾಟುತ್ತದೆ. ಅಂಥ ಮನೆ ಸಿರಿವಂತರದಲ್ಲ, ಆದರೆ ಕಾಗದದ ಮೇಲೆ ಬಡವರದೂ ಅಲ್ಲ. ಆ ಮನೆಯ ವಿದ್ಯಾರ್ಥಿಗೆ ಅಪಘಾತವಾದರೆ ಮೊದಲು ತಾಯಿಯ ಒಡವೆ ಅಡವಿಗೆ ಹೋಗುತ್ತದೆ, ಅನಂತರ ಓದು ನಿಲ್ಲುತ್ತದೆ.

ಕೆಲವು ಕಾಲೇಜುಗಳು ಶುಲ್ಕದ ಜೊತೆಯಲ್ಲಿಯೇ ಸಾಮೂಹಿಕ ವಿಮೆಯ ಹಣ ಪಡೆಯುತ್ತವೆ. ಆ ವಿಮೆ ಅಪಘಾತಕ್ಕೆ ಮಾತ್ರವೋ, ಜ್ವರಕ್ಕೂ ಉಂಟೋ ಎಂಬುದು ಎಷ್ಟೋ ತಂದೆತಾಯಿಗಳಿಗೆ ಗೊತ್ತಿರುವುದಿಲ್ಲ. ವಿಮಾ ಕಂಪನಿಗಳನ್ನು ಅಂಕೆಯಲ್ಲಿಡಲು ವಿಮಾ ನಿಯಂತ್ರಣ ಪ್ರಾಧಿಕಾರವಿದೆ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರಿಸಬೇಕೆಂದು ಅದು 2024ರಲ್ಲಿ ವಿಧಿಸಿತು. ಆದರೆ ಪ್ರಾಧಿಕಾರದ ಅಂಕೆ ಕಂಪನಿಗಳ ಮೇಲೆಯೇ ಹೊರತು ಕಾಲೇಜುಗಳ ಮೇಲಲ್ಲ. ಕಾಲೇಜುಗಳನ್ನು ಕೇಳಬೇಕಾದದ್ದು ಸರ್ಕಾರ.

ಆದುದರಿಂದ ಸರ್ಕಾರ ಮೂರು ನಿಯಮಗಳನ್ನು ಮಾಡಬೇಕೆಂಬುದು ನಮ್ಮ ಅಭಿಪ್ರಾಯ. ಪ್ರವೇಶದ ವೇಳೆಯಲ್ಲಿಯೇ ಪ್ರತಿ ವಿದ್ಯಾರ್ಥಿಗೂ ವಿಮೆಯುಂಟೇ ಎಂದು ವಿಚಾರಿಸಬೇಕು. ಇಲ್ಲವೆಂದರೆ ಮಾಡಿಸಿಕೊಡಬೇಕೇ ಹೊರತು ಪ್ರವೇಶ ನಿರಾಕರಿಸಬಾರದು. ವಿಮೆಗೆಂದು ಹಣ ಪಡೆದ ಕಾಲೇಜು, ಮೊತ್ತವೆಷ್ಟು, ಯಾವ ಆಸ್ಪತ್ರೆಗೆ ಹೋಗಬಹುದು ಎಂಬುದನ್ನು ಹೆತ್ತವರು ಓದಬಲ್ಲ ಭಾಷೆಯಲ್ಲಿ ಬರೆದು ಕೊಡಬೇಕು. ಮಿತಿಯನ್ನು ಸ್ವಲ್ಪ ದಾಟಿದ ಕುಟುಂಬದ ವಿದ್ಯಾರ್ಥಿಗೆ, ಅಲ್ಪ ವಂತಿಗೆ ಕಟ್ಟಿ ಸರ್ಕಾರದ ಯೋಜನೆ ಸೇರುವ ಅವಕಾಶವಿರಬೇಕು.

ಕಡ್ಡಾಯ ಮಾಡಿದರೆ ಬಡವರಿಗೆ ಹೊರೆಯೆಂದು ಕೆಲವರು ಹೇಳಬಹುದು. ಆ ಮಾತಿನಲ್ಲಿ ತಥ್ಯವಿದೆ. ಆದುದರಿಂದಲೇ ಬಡವರ ವಂತಿಗೆಯನ್ನು ಸರ್ಕಾರವೇ ಕಟ್ಟಬೇಕೆನ್ನುತ್ತೇವೆ. ಸಾವಿರ ಮಂದಿ ಹಂಚಿಕೊಂಡ ಹೊರೆ ಹಗುರ. ಅದೇ ಹೊರೆ ಒಂದು ಮನೆಯ ಮೇಲೆ ಬಿದ್ದರೆ ಮನೆಯೇ ಕುಸಿಯುತ್ತದೆ.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿ ಫಲವಿಲ್ಲ. ನಿಮ್ಮ ಕಾರ್ಡಿನಲ್ಲಿ ಮಕ್ಕಳ ಹೆಸರು ಸರಿಯಾಗಿದೆಯೇ ಎಂದು ಇಂದೇ ನೋಡಿರಿ. ವಿದ್ಯಾರ್ಥಿಗಳೇ, ನೀವು ಓದು ಬಲ್ಲವರು. ಮನೆಯಲ್ಲಿ ಪೆಟ್ಟಿಗೆಯೊಳಗಿರುವ ಆ ಕಾಗದವನ್ನು ಹೊರತೆಗೆದು, ತಂದೆತಾಯಿಗಳಿಗೆ ಓದಿ ಹೇಳಿರಿ.