ಏರ್‌ಗನ್ ಹಾಳಿಗೆ ಹೊಡೀರಿ, ಹಕ್ಕಿಗೆ ಬ್ಯಾಡ



ಈ ಸಲ ಹತ್ತಿ, ತೊಗರಿ, ಕಾಲುವೆ ನೀರಿನ ಸುದ್ದಿ ಇಲ್ಲ. ಏರ್‌ಗನ್ ಬಗ್ಗೆ ಬರೀಬೇಕಾಗ್ಯಾದ. ಜೋಳ ತೆನೆಗಟ್ಟೋ ಹೊತ್ತಿಗೆ ರಂಗಂಪೇಟೆ, ಸುರಪುರ, ಸುತ್ತಮುತ್ತಲ ಹಳ್ಳಿಗಳಿಂದ ಫೋನ್ ಶುರು ಆಗ್ತಾವ. ಎಲ್ಲರದೂ ಒಂದೇ ಪ್ರಶ್ನೆ: "ಅಣ್ಣಾ, ನಿನಗ ಅದರ ಹುಚ್ಚು ಅದ, ನಿನಗ ಗೊತ್ತಿರ್ತದ. ಗಿಳಿ, ನವಿಲು ಹೊಡೀಲಿಕ್ಕೆ ಯಾವ ಗನ್ ತಗೊಳ್ಳಲಿ?" ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಎಲ್ಲರಿಗೂ ಒಮ್ಮೆ ಬರೆದುಬಿಡೋಣ ಅಂತ ಕುಂತೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳ್ತೀನಿ. ಏರ್‌ಗನ್ ಬಹಳ ಚಲೋ ಹವ್ಯಾಸ. ಹಿಡಿದವನ ಕೈ, ಕಣ್ಣು, ಉಸಿರು ಮೂರನ್ನೂ ಹದಕ್ಕೆ ತರ್ತದ. ಆದರ ಅದು ಬೆಳೆ ಕಾಯೋ ಸಾಮಾನು ಅಲ್ಲ. ಹಕ್ಕಿ ಹೊಡೀಲಿಕ್ಕೆ ಅಂತ ತಗೊಳ್ಳೋರು ಆ ದುಡ್ಡಿನಾಗ ಒಂದು ಚೀಲ ಗೊಬ್ಬರ ಹೆಚ್ಚಿಗೆ ತಗೊಳ್ರಿ, ಉಪಯೋಗ ಆಗ್ತದ.

ಹುಚ್ಚು ಅಂದ್ರಲ್ಲ, ಆ ಹುಚ್ಚು ಎಂಥದ್ದು ಅಂತ ಸ್ವಲ್ಪ ಹೇಳ್ತೀನಿ. ಹಿತ್ತಲದಾಗ ಟೇಪ್ ಹಿಡಿದು ಅಳೆದ ಹತ್ತು ಮೀಟರ್ ಜಾಗ. ಆ ಕಡೆ ತುದಿಗೆ ಮಣ್ಣಿನ ಗೋಡೆ, ಅದರ ಮುಂದ ಮರಳು ತುಂಬಿದ ಗೋಣಿಚೀಲ, ಅದರ ಮುಂದ ಗುರಿಯ ಹಾಳಿ. ಈ ಕಡೆ ನಾನು. ದಿನಾ ಮುಂಜಾನೆ ಎಮ್ಮೆ ಹಾಲು ಕರೆದು ಹೊಲಕ್ಕೆ ಹೋಗೋ ಮುಂಚೆ ಇಪ್ಪತ್ತು ಹೊಡೆತ, ಅಷ್ಟೇ. ಐದು ಛರ್ರೆ ಒಂದೇ ಹಾಳಿಗೆ ಹೊಡೆದು, ಆ ಐದೂ ತೂತು ಹತ್ತು ರೂಪಾಯಿ ನಾಣ್ಯದ ಕೆಳಗ ಮುಚ್ಚಿಹೋದ್ರ ಆ ದಿನ ಹಬ್ಬ. ನಾಣ್ಯದ ಅಗಲ 27 ಮಿಲಿಮೀಟರ್. ಹೇಳಲಿಕ್ಕೆ ಸುಲಭ, ಮಾಡಲಿಕ್ಕೆ ಕೂತ್ರ ತಿಳೀತದ.

ನಮ್ಮ ಕಡೆ ಹೆಚ್ಚಾಗಿ ಸಿಗೋದು ಸ್ಪ್ರಿಂಗ್ ಗನ್, ಅಂದ್ರ ನಳಿಕೆ ಮುರಿದು ಛರ್ರೆ ಹಾಕೋದು. ನಳಿಕೆ ಬಗ್ಗಿಸಿದಾಗ ಒಳಗಿನ ಸ್ಪ್ರಿಂಗ್ ಹಿಂದಕ್ಕೆ ಒತ್ತಿಕೊಳ್ತದ. ಕುದುರೆ ಎಳೆದಾಗ ಸ್ಪ್ರಿಂಗ್ ಪಿಸ್ಟನ್ನನ್ನ ಮುಂದಕ್ಕೆ ದಬ್ಬತದ, ಮುಂದಿನ ಗಾಳಿ ಹಿಚುಕಿಹೋಗಿ ಛರ್ರೆಯನ್ನ ಹೊರಗ ತಳ್ಳತದ. ಈ ಪಿಸ್ಟನ್ ಓಡಾಟಕ್ಕೆ ಗನ್ ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಎರಡು ಸಲ ಅಲುಗಾಡ್ತದ. ಅದೂ ಛರ್ರೆ ಇನ್ನೂ ನಳಿಕೆಯೊಳಗ ಇದ್ದಾಗಲೇ ಶುರು ಆಗ್ತದ. ಅದಕ್ಕೇ ಸ್ಪ್ರಿಂಗ್ ಗನ್ನನ್ನ ಬಿಗಿಯಾಗಿ ಅವಚಿ ಹಿಡಿದವರ ಗುರಿ ಒಂದೊಂದು ಸಲ ಒಂದೊಂದು ಕಡೆ ಬೀಳ್ತದ. ಅಂಗೈ ಮ್ಯಾಲೆ ಹಗುರಾಗಿ ಇಟ್ಟು, ಪ್ರತಿ ಸಲ ಒಂದೇ ಜಾಗಕ್ಕೆ ಇಟ್ಟು, ಹೊಡೆದ ಮ್ಯಾಲೂ ಒಂದು ಕ್ಷಣ ಕದಲದಂಗ ನಿಲ್ಲಬೇಕು. ಕುದುರೆ ಎಳೆದ ಕೂಡಲೇ ಬಿತ್ತೋ ಇಲ್ಲೋ ಅಂತ ತಲೆ ಎತ್ತಿ ನೋಡೋ ಮನುಷ್ಯನಿಗೆ ಇದು ಒಲಿಯೋದಿಲ್ಲ. ಕೂರಿಗೆ ಹಿಡಿದವನು ಹಿಂದಕ್ಕೆ ತಿರುಗಿ ತಿರುಗಿ ನೋಡಿದ್ರ ಸಾಲು ಡೊಂಕಾಗ್ತದಲ್ಲ, ಹಂಗೇ.

ಇನ್ನು ಬಲದ ಮಾತು. ಅಂಗಡಿಗೆ ಹೋದವರು ಮೊದಲು ಕೇಳೋದೇ "ಎಷ್ಟು ಪವರ್ ಅದ?" ಅಂತ. ನಮ್ಮ ದೇಶದ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಇಲ್ಲದ ಏರ್‌ಗನ್ನಿಗೆ ಎರಡು ಮಿತಿ ಅದಾವ: ನಳಿಕೆಯ ರಂಧ್ರ 4.5 ಮಿಲಿಮೀಟರ್ ದಾಟಬಾರದು, ಬಾಯಿಂದ ಹೊರಡೋ ಶಕ್ತಿ 20 ಜೂಲ್ ದಾಟಬಾರದು. ಅರ್ಧ ಗ್ರಾಂ ತೂಕದ ಛರ್ರೆ ಸೆಕೆಂಡಿಗೆ ಸುಮಾರು 280 ಮೀಟರ್ ವೇಗದಾಗ ಹೊರಟ್ರ ಆ ಮಿತಿಗೆ ಹತ್ತಿರ ಬರ್ತದ. ಆದರ ಒಲಿಂಪಿಕ್ಸ್‌ನಾಗ ಹೊಡೆಯೋ ಏರ್ ರೈಫಲ್ ಛರ್ರೆ ಹೋಗೋದು ಸೆಕೆಂಡಿಗೆ ಸುಮಾರು 175 ಮೀಟರ್. ಲೆಕ್ಕ ಹಾಕಿದ್ರ ಏಳೂವರೆ ಜೂಲ್ ಸುತ್ತಮುತ್ತ. ಅಂದ್ರ ಚಾಂಪಿಯನ್ ಕೈಯಾಗಿನ ಗನ್ ನಮ್ಮ ಪ್ಯಾಟಿ ಗನ್ನಿಗಿಂತ ಮೆತ್ತಗ. ಅಲ್ಲಿ ಗುರಿಯ ನಡುವಿನ ಹತ್ತು ಅಂಕದ ಚುಕ್ಕೆ ಬರೇ ಅರ್ಧ ಮಿಲಿಮೀಟರ್, ಸಾಸಿವೆ ಕಾಳಿಗಿಂತ ಸಣ್ಣದು. ಇಡೀ ಗುರಿ 45.5 ಮಿಲಿಮೀಟರ್ ಅಗಲ. ಒಂದೂಕಾಲು ತಾಸಿನಾಗ ನಿಂತಲ್ಲೇ ನಿಂತು ಅದಕ್ಕೆ 60 ಸಲ ಹೊಡೀಬೇಕು. 2008ರಲ್ಲಿ ಬೀಜಿಂಗ್‌ನಾಗ ಅಭಿನವ್ ಬಿಂದ್ರಾ ನಮ್ಮ ದೇಶಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು ಇದೇ ಹತ್ತು ಮೀಟರ್ ಏರ್ ರೈಫಲ್ಲಿನಾಗ. ಕಡೆಯ ಹೊಡೆತಕ್ಕೆ 10.8 ಅಂಕ. ಅದು ಪವರ್ ಆಟ ಅಲ್ಲ, ಹದದ ಆಟ.

ಈಗ ಹಕ್ಕಿ ವಿಷಯಕ್ಕೆ ಬರ್ತೀನಿ.

ಗಿಳಿ, ನವಿಲಿನ ಕಾಟ ಸುಳ್ಳು ಅಂತ ನಾನು ಹೇಳೋದಿಲ್ಲ. ಸೂರ್ಯಕಾಂತಿ ತೆನೆ ಖಾಲಿ ಆಗಿದ್ದು ನಾನೂ ನೋಡೀನಿ. ಬಿತ್ತಿದ ಶೇಂಗಾ ಬೀಜ ನವಿಲು ಕೆದರಿ ತಿಂದದ್ದೂ ಗೊತ್ತದ. ಸಾಲ ಮಾಡಿ ಬಿತ್ತಿದವನ ಹೊಟ್ಟೆ ಉರೀತದ, ಅದರಾಗ ತಪ್ಪೇನಿಲ್ಲ. ಆದರ ಏರ್‌ಗನ್ ಆ ಉರಿ ಆರಿಸೋದಿಲ್ಲ. ಯಾಕಂತ ಕೇಳ್ರಿ.

ಒಂದು, ದೂರ. ಹಿತ್ತಲದಾಗ ಹತ್ತು ಮೀಟರಿಗೆ ನಾಣ್ಯ ಮುಚ್ಚೋ ಗನ್, ಹೊಲದಾಗ 40 ಮೀಟರಿಗೆ ಬ್ಯಾರೆನೇ ಗನ್. ಸೆಕೆಂಡಿಗೆ 200 ಮೀಟರ್ ವೇಗದಾಗ ಹೊರಟ ಛರ್ರೆ ಅಷ್ಟು ದೂರ ಹೋಗೋದರಾಗ ನಳಿಕೆಯ ನೇರಕ್ಕಿಂತ ಸುಮಾರು ಒಂದು ಗೇಣು ಕೆಳಗ ಇಳಿದಿರ್ತದ. ಗಾಳಿ ಬೀಸಿದ್ರ ಪಕ್ಕಕ್ಕೂ ಸರೀತದ. ಹಕ್ಕಿ ಸಾಯೋದಿಲ್ಲ, ಗಾಯ ಆಗ್ತದ. ಪಕ್ಕದ ಹೊಲದ ಬೇವಿನ ಗಿಡದ ಬುಡಕ್ಕೆ ರೆಕ್ಕೆ ಮುರಿದ ಬೆಳವ ಕುಂತಿರೋದು ಎಷ್ಟು ಸಲ ನೋಡೀನಿ. ಹಾರಲಿಕ್ಕೆ ಆಗೋದಿಲ್ಲ, ಸಾಯಲಿಕ್ಕೆ ಎರಡು ದಿನ ಹಿಡೀತದ.

ಎರಡು, ಲೆಕ್ಕ. ಇನ್ನೂರು ಗಿಳಿ ಬಂದು ಕೂತಾಗ ನಿಮ್ಮ ಗನ್ನಿನಾಗ ಇರೋದು ಒಂದೇ ಛರ್ರೆ. ಒಂದು ಹೊಡೆದ್ರ ಉಳಿದವು ಎದ್ದು ಪಕ್ಕದವರ ಹೊಲಕ್ಕೆ ಇಳೀತಾವ. ನೀವು ಮತ್ತ ನಳಿಕೆ ಮುರಿಯೋದರಾಗ ವಾಪಸ್ ಬಂದಿರ್ತಾವ. ನಮ್ಮ ಅಜ್ಜ ಅಟ್ಟಣಿಗಿ ಮ್ಯಾಲೆ ನಿಂತು ಕವಣಿ ಬೀಸಿ "ಹೋ" ಅಂತ ಕೂಗಿದ್ರ ಎರಡು ಎಕರೆ ಖಾಲಿ ಆಗ್ತಿತ್ತು. ಹಕ್ಕಿ ಹೆದರೋದು ಸದ್ದಿಗೆ, ಹೊಳಪಿಗೆ, ಮನುಷ್ಯನ ಓಡಾಟಕ್ಕೆ. ಮಿಂಚೋ ಪಟ್ಟಿ ಕಟ್ಟೋದು, ಡಬ್ಬಿ ಬಡಿಯೋದು, ಓಣಿಯವರು ಪಾಳಿ ಹಚ್ಚಿ ಮುಂಜಾನೆ-ಸಂಜಿ ಕಾಯೋದು ಇವತ್ತಿಗೂ ಏರ್‌ಗನ್ನಿಗಿಂತ ಹೆಚ್ಚು ಕೆಲಸ ಮಾಡ್ತಾವ. ಕಾಡುಹಂದಿಗಂತೂ ಏರ್‌ಗನ್ ತೋರಿಸಲೇಬ್ಯಾಡ್ರಿ. ಅದರ ಚರ್ಮಕ್ಕೆ ಛರ್ರೆ ಲೆಕ್ಕಕ್ಕಿಲ್ಲ, ಸಿಟ್ಟು ಮಾತ್ರ ಬರ್ತದ. ಹಂದಿ ಹಾಳು ಮಾಡಿದ ಬೆಳೆಗೆ ಅರಣ್ಯ ಇಲಾಖೆಯಿಂದ ಪರಿಹಾರ ಅದ. ಫೋಟೋ ತೆಗೆದು ಅರ್ಜಿ ಹಾಕ್ರಿ.

ಮೂರು, ಕಾನೂನು. "ಲೈಸೆನ್ಸ್ ಬೇಕಾಗಿಲ್ಲ ಅಂದಮ್ಯಾಲೆ ಹೊಡೆದ್ರ ಏನಾಗ್ತದ?" ಅಂತ ಭಾಳ ಮಂದಿ ಕೇಳ್ತಾರ. ಲೈಸೆನ್ಸ್ ಬೇಡ ಅಂದದ್ದು ಗನ್ ಇಟ್ಕೊಳ್ಳಲಿಕ್ಕೆ, ಬೇಟೆ ಆಡಲಿಕ್ಕೆ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದ್ರ ಕೊಲ್ಲೋದು ಒಂದೇ ಅಲ್ಲ, ಗಾಯ ಮಾಡೋದೂ ಬೇಟೆನೇ. ನವಿಲು, ಕೃಷ್ಣಮೃಗ ಎರಡೂ ಮೊದಲ ಅನುಸೂಚಿಯಾಗ ಅದಾವ. ಅವನ್ನ ಹೊಡೆದ್ರ ಕಡಿಮೆ ಅಂದ್ರ ಮೂರು ವರ್ಷ, ಹೆಚ್ಚು ಅಂದ್ರ ಏಳು ವರ್ಷ ಜೈಲು, ಮ್ಯಾಲೆ ದಂಡ. 2022ರ ತಿದ್ದುಪಡಿ ಆದಮ್ಯಾಲೆ ಆ ದಂಡ 25 ಸಾವಿರಕ್ಕಿಂತ ಕಡಿಮೆ ಇಲ್ಲ. ನಮ್ಮ ತಾಲೂಕಿನಾಗೇ ಬೋನಾಳ ಪಕ್ಷಿಧಾಮ ಅದ, ದೂರದೂರದ ಹಕ್ಕಿ ಚಳಿಗಾಲಕ್ಕೆ ಅಲ್ಲಿಗೆ ಬರ್ತಾವ. ಆದಿತ್ಯವಾರ ಬೈಕಿನ ಮ್ಯಾಲೆ ಗನ್ ಇಟ್ಕೊಂಡು ಆ ಕಡೆ ಹೋಗೋ ಹುಡುಗರಿಗೆ ಮನೆಯವರು ಇದನ್ನ ಓದಿ ಹೇಳ್ರಿ. ಒಂದು ಕೇಸ್ ಬಿದ್ರ ನೌಕರಿ, ಪಾಸ್‌ಪೋರ್ಟ್, ಎಲ್ಲದಕ್ಕೂ ಅಡ್ಡ ಬರ್ತದ.

ನಾಲ್ಕನೇದು, ತಪ್ಪಿದ ಛರ್ರೆ ಎಲ್ಲಿಗೆ ಹೋಗ್ತದ ಅನ್ನೋದು. ಮ್ಯಾಲಕ್ಕೆ ಹೊಡೆದ ಛರ್ರೆ ಎಲ್ಲೋ ಒಂದು ಕಡೆ ಇಳೀಲೇಬೇಕು. ಕಳೆ ತೆಗೆಯೋ ಹೆಣ್ಣುಮಕ್ಕಳು ತೊಗರಿ ಸಾಲಿನಾಗ ಬಗ್ಗಿರ್ತಾರ, ಕಾಣೋದಿಲ್ಲ. ಕಲ್ಲಿಗೆ, ಕಬ್ಬಿಣಕ್ಕೆ ಬಡಿದ ಛರ್ರೆ ತಿರುಗಿ ಬರ್ತದ. ಕಣ್ಣಿಗೆ ಹತ್ತಿದ್ರ ಕಣ್ಣು ಹೋದಂಗೇ. ಸೋಲಾರ್ ಪಂಪಿನ ಹಲಗೆ, ಡ್ರಿಪ್ ಪೈಪು, ಕರೆಂಟ್ ಕಂಬದ ಪಿಂಗಾಣಿ ಕಪ್ಪು, ಎಲ್ಲಾನೂ ನಮ್ಮ ಹೊಲದಾಗೇ ಇರೋದು. ಛರ್ರೆ ಸೀಸದ್ದು, ಮಣ್ಣಿನಾಗ ಕೊಳೆಯೋದಿಲ್ಲ. ಹರಳು ಅಂತ ತಿಳಿದು ನುಂಗಿದ ಹಕ್ಕಿಗೆ, ಕೋಳಿಗೆ ಅದು ವಿಷ.

ಈ ಮಾತಿಗೇ ನನ್ನ ಬದುವಿನ ಪಕ್ಕದ ಹಿರಿಯರೊಬ್ಬರು ಎರಡು ವರ್ಷದಿಂದ ನನ್ನ ಕೂಡ ಮಾತು ಬಿಟ್ಟಾರ. ಗಿಳಿ ಹೊಡೀಲಿಕ್ಕೆ ಗನ್ ಕೇಳಿದ್ರು, ಕೊಡಲಿಲ್ಲ. "ಕಾಕಾ, ನಾನೇ ಬಂದು ನಿಮ್ಮ ಹೊಲ ಕಾಯ್ತೀನಿ, ಗನ್ ಮಾತ್ರ ಕೊಡೋದಿಲ್ಲ" ಅಂದೆ. "ಹಾಳಿ ತೂತು ಮಾಡಲಿಕ್ಕೆ ಗನ್ ಬೇಕು, ಹೊಟ್ಟಿ ಉಳಿಸಲಿಕ್ಕೆ ಬ್ಯಾಡೇನು?" ಅಂತ ಕೇಳಿ ಹೋದ್ರು. ಆ ಮಾತು ಇನ್ನೂ ಚುಚ್ಚತದ. ಮನಸ್ತಾಪ ನನಗೂ ಬ್ಯಾಡ. ಆದರ ಇವತ್ತು ಕೇಳಿದ್ರೂ ಅದೇ ಉತ್ತರ.

"ನಾವು ಬ್ಯಾಡರ ನಾಡಿನವರು, ಬೇಟೆ ನಮ್ಮ ರಕ್ತದಾಗ ಅದ" ಅಂತ ಇನ್ನೊಂದು ಮಾತು ಬರ್ತದ. ಇದಕ್ಕೂ ಉತ್ತರ ಕೊಡಬೇಕು. ನಮ್ಮ ಪಕ್ಕದ ವಾಗಣಗೇರಾ ಕೋಟೆಗೆ 1705ರಲ್ಲಿ ಸ್ವತಃ ಔರಂಗಜೇಬ ಮುತ್ತಿಗೆ ಹಾಕಿದ್ದ. ತಿಂಗಳುಗಟ್ಟಲೆ ಅವನ ದೊಡ್ಡ ಸೈನ್ಯವನ್ನ ತಡೆದು ನಿಲ್ಲಿಸಿದ್ದು ಬೇಡರ ಬಂದೂಕಿನ ಗುರಿ. 1857ರಲ್ಲಿ ಆಯುಧ ಒಪ್ಪಿಸ್ರಿ ಅಂತ ಬ್ರಿಟಿಷರು ಹೇಳಿದಾಗ ಹಲಗಲಿ ಬೇಡರು ಒಪ್ಪಲಿಲ್ಲ. ಮರು ವರ್ಷವೇ ನಮ್ಮ ರಾಜಾ ವೆಂಕಟಪ್ಪ ನಾಯಕರು ಅದೇ ಬ್ರಿಟಿಷರ ಎದುರು ನಿಂತ್ರು. ಇದೆಲ್ಲಾ ನಮ್ಮ ಹೆಮ್ಮೆ, ಯಾರೂ ಕಸಗೊಳ್ಳಲಿಕ್ಕೆ ಆಗೋದಿಲ್ಲ. ಆದರ ಆ ಹೆಮ್ಮೆ ಇರೋದು ಗುರಿಯಾಗ. ತಂತಿ ಮ್ಯಾಲೆ ಕುಂತ ಬೆಳವನ್ನ ಹೊಡೆದು ವಾಟ್ಸಾಪ್ ಸ್ಟೇಟಸ್ ಹಾಕೋದರಾಗ ವಾಗಣಗೇರಾದ ಪೌರುಷ ಎಲ್ಲಿಂದ ಬಂತು?

ಕೊಡಗಿನವರನ್ನ ನೋಡ್ರಿ. ಬಂದೂಕು ಅವರ ಮನೆ ದೇವರಿದ್ದಂಗ, ಕೈಲ್ ಮುಹೂರ್ತ ಹಬ್ಬಕ್ಕೆ ಅದಕ್ಕೆ ಪೂಜೆ ಮಾಡ್ತಾರ. ಬೇಟೆ ನಿಂತಮ್ಯಾಲೆ ಅವರು ಗುರಿ ಬಿಡಲಿಲ್ಲ. ತೆಂಗಿನಕಾಯಿ ಕಟ್ಟಿ ಹೊಡೆಯೋ ಸ್ಪರ್ಧೆ ಊರೂರಿಗೆ ನಡೀತಾವ, ಅದರಾಗ ಏರ್‌ಗನ್ನಿಗೂ ಜಾಗ ಅದ. ಹಬ್ಬನೂ ಉಳೀತು, ಗುರಿನೂ ಉಳೀತು.

ಇದರಾಗ ನಮ್ಮ ಮಕ್ಕಳಿಗೂ ದಾರಿ ಅದ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ಚಾಂಗ್ವಾನ್ ವಿಶ್ವಕಪ್ಪಿನಾಗ ಹತ್ತು ಮೀಟರ್ ಏರ್ ಪಿಸ್ತೂಲಿಗೆ ಕಂಚು ತಂದ್ರು, ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಆಟದಾಗ ಬೆಳ್ಳಿ. ಬೆಂಗಳೂರಿನವಳೇ ತಿಲೋತ್ತಮಾ ಸೇನ್ 2023ರಲ್ಲಿ ಹದಿನೈದು ವಯಸ್ಸಿಗೆ ಏರ್ ರೈಫಲ್ಲಿನಾಗ ದೇಶಕ್ಕೆ ಒಲಿಂಪಿಕ್ ಕೋಟಾ ಗಳಿಸಿದಳು. ಅವರು ಪ್ಯಾಟಿಯವರು ಅಂತೀರೇನು? 2024ರ ಪ್ಯಾರಿಸ್‌ನಾಗ 50 ಮೀಟರ್ ರೈಫಲ್ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಲಾಪುರ ಜಿಲ್ಲೆಯ ಕಾಂಬಳವಾಡಿ ಹಳ್ಳಿಯವ, ಆಗ ರೈಲ್ವೆಯಾಗ ಟಿಕೆಟ್ ಕಲೆಕ್ಟರ್ ಇದ್ದ. ಏರ್ ಪಿಸ್ತೂಲಿನಾಗ ಕಂಚು ತಂದ ಮನು ಭಾಕರ್ ಹರಿಯಾಣದ ಹಳ್ಳಿ ಹುಡುಗಿ. ಸ್ಪರ್ಧೆಯ ರೈಫಲ್ ಎರಡು ಮೂರು ಲಕ್ಷ ಆಗ್ತದ, ಸುಳ್ಳು ಹೇಳೋದಿಲ್ಲ. ಆದರ ಶುರು ಮಾಡಲಿಕ್ಕೆ ಅಷ್ಟು ಬೇಕಾಗಿಲ್ಲ. ಒಂದು ಹಳೇ ಗೋದಾಮು, ಹತ್ತು ಮೀಟರ್ ನೆಲ, ಹಿಂದ ಗಟ್ಟಿ ಗೋಡೆ, ನಾಲ್ಕು ಮಂದಿ ಕೂಡಿ ತಂದ ಎರಡು ಗನ್, ಶಿಸ್ತು ಕಲಿಸೋ ಒಬ್ಬ ಹಿರಿಯ. ಸುರಪುರ-ರಂಗಂಪೇಟೆಯಾಗ ಇಷ್ಟು ಹೊಂದಿಸಲಿಕ್ಕೆ ಆಗೋದಿಲ್ಲೇನು? ಆಸಕ್ತಿ ಇದ್ದವರು ಕೂಡಿದ್ರ ರಾಜ್ಯ ರೈಫಲ್ ಸಂಸ್ಥೆಗೆ ಬರೆದು ಸರಿಯಾದ ದಾರಿ ಕೇಳೋಣ.

ಈಗಾಗಲೇ ಗನ್ ಇದ್ದವರಿಗೆ ಐದು ಮಾತು.

1. ಗನ್ನಿನಾಗ ಛರ್ರೆ ಇಲ್ಲ ಅಂತ ಗೊತ್ತಿದ್ರೂ ಮನುಷ್ಯರ ಕಡೆ, ದನದ ಕಡೆ ಬಾಯಿ ತಿರುಗಿಸಬ್ಯಾಡ್ರಿ.
2. ಹಿಂದ ಮಣ್ಣಿನ ಗೋಡೆ ಇಲ್ಲಾ ಮರಳಿನ ಚೀಲ ಇಲ್ಲದ ಕಡೆ ಹೊಡೀಬ್ಯಾಡ್ರಿ. ಕಲ್ಲು, ತಗಡು, ನೀರು ಗುರಿ ಅಲ್ಲ.
3. ಹೊಡೆಯೋರು, ನಿಂತು ನೋಡೋರು ಇಬ್ಬರೂ ಕಣ್ಣಿಗೆ ಕನ್ನಡಕ ಹಾಕ್ರಿ.
4. ಛರ್ರೆ ಮುಟ್ಟಿದ ಕೈ ಸಾಬೂನಿನಿಂದ ತೊಳೀದೆ ಊಟ, ಎಲೆ-ಅಡಿಕೆ ಬ್ಯಾಡ. ಬಾಯಾಗ ಛರ್ರೆ ಇಟ್ಕೊಳ್ಳೋ ಚಟ ಇದ್ದವರು ಇವತ್ತೇ ಬಿಡ್ರಿ.
5. ಮಕ್ಕಳ ಕೈಗೆ ಗನ್ ಒಂಟಿಯಾಗಿ ಕೊಡಬ್ಯಾಡ್ರಿ. ಆಟ ಮುಗಿದ ಮ್ಯಾಲೆ ಗನ್ ಒಂದು ಕಡೆ, ಛರ್ರೆ ಇನ್ನೊಂದು ಕಡೆ, ಎರಡಕ್ಕೂ ಕೀಲಿ. ಖರೀದಿ ಬಿಲ್ಲು ಜೋಪಾನ.

ಯಾರಿಗಾದ್ರೂ ಕಲೀಬೇಕು ಅನಿಸಿದ್ರ ಆದಿತ್ಯವಾರ ಮುಂಜಾನೆ ನಮ್ಮ ಹಿತ್ತಲಕ್ಕೆ ಬರ್ರಿ, ಹಾಳಿ ನಾನೇ ಕೊಡ್ತೀನಿ. ಮಕ್ಕಳನ್ನ ಕರಕೊಂಡು ಬರ್ರಿ, ಹೆಣ್ಣುಮಕ್ಕಳನ್ನೂ ಬಿಡಬ್ಯಾಡ್ರಿ. ಹಕ್ಕಿ ಕಾಟದ ವಿಷಯ ಇದ್ರ ಅದನ್ನೂ ಮಾತಾಡೋಣ, ಪಾಳಿ ಹಚ್ಚಿ ಹೊಲ ಕಾಯೋ ಗುಂಪು ಮಾಡೋದಾದ್ರ ಮೊದಲ ಹೆಸರು ನನ್ನದೇ ಬರಕೊಳ್ರಿ. ನಿಮ್ಮ ಹೊಲದಾಗ ಹಕ್ಕಿ ಓಡಿಸಲಿಕ್ಕೆ ಯಾವ ಉಪಾಯ ನಡದದ, ಯಾವುದು ನಡೀಲಿಲ್ಲ ಅಂತ ಕೆಳಗ ಬರೀರಿ. ಒಬ್ಬರದು ಇನ್ನೊಬ್ಬರಿಗೆ ಉಪಯೋಗ ಆಗ್ತದ.