ನಡುವಿನ ಫೋನ್ ಯಾರದು?

2019ರಲ್ಲಿ ಹಾಂಗ್‌ಕಾಂಗ್‌ನ ಪ್ರತಿಭಟನಕಾರರು ಇಂಟರ್ನೆಟ್ ಕಡಿತದ ಭಯದಿಂದ ‘ಬ್ರಿಡ್ಜ್‌ಫೈ’ ಆ್ಯಪ್‌ಗೆ ಮುಗಿಬಿದ್ದರು. ಟವರ್ ಬೇಡ, ಸಿಮ್ ಬೇಡ. ಬ್ಲೂಟೂತ್ ಮೂಲಕ ಸಂದೇಶ ಫೋನಿನಿಂದ ಫೋನಿಗೆ ದಾಟುತ್ತ ಗುರಿ ಮುಟ್ಟುತ್ತದೆ. ನಡುವೆ ನಿಂತವರು ಯಾರು ಎಂದು ವಿಚಾರಿಸುವ ವ್ಯವಧಾನ ಬೀದಿಯಲ್ಲಿದ್ದವರಿಗೆ ಎಲ್ಲಿಂದ ಬರಬೇಕು?

2020ರ ಆಗಸ್ಟ್‌ನಲ್ಲಿ ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೇ ಕಾಲೇಜಿನ ಸಂಶೋಧಕರು ಈ ಆ್ಯಪ್ ಬಗ್ಗೆ ಬಯಲಿಗಿಟ್ಟ ಸಂಗತಿ ಗಾಬರಿ ಹುಟ್ಟಿಸುವಂಥದ್ದು. ಯಾರು ಯಾರೊಡನೆ ಮಾತಾಡುತ್ತಿದ್ದಾರೆಂದು ಪತ್ತೆ ಹಚ್ಚಬಹುದಿತ್ತು. ಇನ್ನೊಬ್ಬರ ಸೋಗಿನಲ್ಲಿ ಸಂದೇಶ ಕಳಿಸಬಹುದಿತ್ತು. ಖಾಸಗಿ ಮಾತನ್ನು ಓದಬಹುದಿತ್ತು. ಕುತಂತ್ರದಿಂದ ಹೆಣೆದ ಒಂದೇ ಸಂದೇಶಕ್ಕೆ ಇಡೀ ಜಾಲ ಮಲಗುತ್ತಿತ್ತು! ಕಂಪನಿ ಅದೇ ವರ್ಷ ‘ಸಿಗ್ನಲ್’ ಆ್ಯಪ್‌ನ ಗೂಢಲಿಪಿ ವಿಧಾನವನ್ನು ಅಳವಡಿಸಿತು. ಆದರೂ 2022ರಲ್ಲಿ ಪ್ರಕಟವಾದ ಮರುಪರೀಕ್ಷೆಯಲ್ಲಿ ಬಿರುಕುಗಳು ಸಿಕ್ಕವು. ಒಳ್ಳೆಯ ಬೀಗ ತಂದು ಸಡಿಲ ಬಾಗಿಲಿಗೆ ಹಾಕಿದರೆ ಆಗುವುದು ಇಷ್ಟೇ.

ಇಂಟರ್ನೆಟ್ ಇಲ್ಲದೆಯೂ ಸಂದೇಶ ಕಳಿಸಬಲ್ಲ ‘ಬ್ರಯರ್’ ಆ್ಯಪ್‌ನ ದಾರಿ ಬೇರೆ. ಇಬ್ಬರು ಎದುರುಬದುರು ನಿಂತು ಪರಸ್ಪರರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪರಿಚಯ ಖಚಿತಪಡಿಸಿಕೊಳ್ಳಬಹುದು. ಅದರ ಸೋರ್ಸ್ ಕೋಡ್ ಯಾರು ಬೇಕಾದರೂ ಪರಿಶೀಲಿಸುವಂತೆ ಮುಕ್ತವಾಗಿದೆ. ವಿಪರ್ಯಾಸವೆಂದರೆ, 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಿರ್ಬಂಧಿಸಿದ 14 ಆ್ಯಪ್‌ಗಳಲ್ಲಿ ಅದೂ ಒಂದು. ಉಗ್ರರು ಬಳಸುತ್ತಾರೆಂಬುದು ಕೊಟ್ಟ ಕಾರಣ. ಆ ಆತಂಕವನ್ನು ಅಲ್ಲಗಳೆಯಲಾಗದು. ಆದರೆ ಪರಿಶೀಲನೆಗೆ ತೆರೆದಿಟ್ಟದ್ದನ್ನೇ ಮುಚ್ಚಿದರೆ, ನೆಟ್‌ವರ್ಕ್ ಸತ್ತ ದಿನ ಜನ ಕೈಗೆ ಸಿಕ್ಕ ಯಾವುದೋ ಆ್ಯಪ್ ಇಳಿಸಿಕೊಳ್ಳುತ್ತಾರೆ. ಇಂಥ ಆ್ಯಪ್‌ಗಳ ಸ್ವತಂತ್ರ ಭದ್ರತಾ ತಪಾಸಣೆಯ ವರದಿ ಸಾರ್ವಜನಿಕವಾಗಿರಬೇಕೆಂದು ಸರ್ಕಾರ ಮೊದಲು ಕಡ್ಡಾಯ ಮಾಡಲಿ.