ಸೀಮೆಸುಣ್ಣವೊಂದೇ ಮಾತನಾಡಿದ ಸಭೆ



ಈ ತಿಂಗಳು ಒಂದೇ ಒಂದು ಸಂಖ್ಯೆಯನ್ನು ತಮ್ಮ ಮುಂದಿಡುತ್ತಿದ್ದೇವೆ: 14,75,73,95,25,89,67,64,12,927. ಅಂಕಗಳು ಇಪ್ಪತ್ತೊಂದು. ಅರವತ್ತೇಳು ಎರಡುಗಳನ್ನು ಒಂದರೊಡನೊಂದು ಗುಣಿಸಿ, ಬಂದುದರಿಂದ 1 ಕಳೆದರೆ ಇದು ದೊರೆಯುತ್ತದೆ. ಚದುರಂಗದ ಮಣೆಯ 64 ಮನೆಗಳಲ್ಲಿ ಕಾಳುಗಳನ್ನು ಇಮ್ಮಡಿಸುತ್ತ ಹೋದ ಕಥೆಯನ್ನು ಎಲ್ಲರೂ ಬಲ್ಲರು. ಮಣೆಗೆ ಇನ್ನು ಮೂರೇ ಮನೆಗಳಿದ್ದಿದ್ದರೆ ಒಟ್ಟು ಕಾಳುಗಳು ಇಷ್ಟಾಗುತ್ತಿದ್ದವು.

ಫ್ರಾನ್ಸಿನ ಕ್ರೈಸ್ತ ಸನ್ಯಾಸಿ ಮೆರ್ಸೆನ್ 1644ರಲ್ಲಿ ಒಂದು ಪಟ್ಟಿಯನ್ನು ಪ್ರಕಟಿಸಿದನು. 2ರ ಯಾವ ಯಾವ ಘಾತದಿಂದ 1 ಕಳೆದರೆ ಅವಿಭಾಜ್ಯ ಸಂಖ್ಯೆ ಬರುವುದೆಂದು 257ನೆಯ ಘಾತದವರೆಗೆ ಹೇಳುವ ಪಟ್ಟಿ ಅದು. 67 ಅದರಲ್ಲಿತ್ತು. ಸಾಧನೆಯನ್ನು ಆತನು ಕೊಡಲಿಲ್ಲ. ದೊಡ್ಡವರ ಮಾತು ನೋಡಿ, 232 ವರ್ಷ ಹಾಗೆಯೇ ನಿಂತಿತು.

1876ರಲ್ಲಿ ಅದೇ ದೇಶದ ಲ್ಯೂಕಾ ಎಂಬ ಗಣಿತಜ್ಞನು ಈ ಸಂಖ್ಯೆ ಅವಿಭಾಜ್ಯವಲ್ಲವೆಂದು ತೋರಿಸಿದನು. ಯಾವುದರಿಂದ ಭಾಗವಾಗುತ್ತದೆ ಎಂಬುದು ಮಾತ್ರ ಆತನಿಗೂ ತಿಳಿದಿರಲಿಲ್ಲ! ಭಾಜಕವನ್ನು ಕಾಣದೆ ಭಾಗವಾಗುವುದೆಂದು ಹೇಳುವುದು ಹೇಗೆ ಎಂದು ಮಕ್ಕಳು ಕೇಳುವುದು ಸಹಜ. ತೆಂಗಿನಕಾಯನ್ನು ಒಡೆಯದೆಯೇ ಅಲುಗಿಸಿ ಒಳಗೆ ನೀರಿದೆಯೆಂದು ಹೇಳುವುದಿಲ್ಲವೇ? ಗಣಿತದಲ್ಲಿಯೂ ಅಂತಹ ಪರೀಕ್ಷೆಗಳುಂಟು. ಆದರೆ ಒಡೆದು ತೋರಿಸುವ ಕೆಲಸ ಉಳಿದೇ ಇತ್ತು.

ಅದನ್ನು ಮಾಡಿದವನು ಅಮೆರಿಕದ ಪ್ರಾಧ್ಯಾಪಕ ಕೋಲ್. 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕನ್ ಗಣಿತ ಸಂಘದ ಸಭೆ ಸೇರಿತ್ತು. ಆತನು ಕರಿಹಲಗೆಯ ಬಳಿಗೆ ಹೋಗಿ, ತುಟಿ ಬಿಚ್ಚದೆ, 2ರ 67ನೆಯ ಘಾತವನ್ನು ಗುಣಿಸಿ 1 ಕಳೆದನು. ಪಕ್ಕದಲ್ಲಿ 19,37,07,721ನ್ನು 7,61,83,82,57,287ರಿಂದ ಗುಣಿಸಿದನು. ಎರಡು ಉತ್ತರಗಳೂ ಒಂದೇ. ಸುಮ್ಮನೆ ಹೋಗಿ ಕುಳಿತುಕೊಂಡನು. ಸಭೆ ಚಪ್ಪಾಳೆ ತಟ್ಟಿತು. ಈ ಪ್ರಸಂಗವನ್ನು ಬರೆದಿಟ್ಟ ಬೆಲ್ ಎಂಬ ಗಣಿತಜ್ಞನು, ಇದಕ್ಕೆ ಎಷ್ಟು ಕಾಲ ಹಿಡಿಯಿತೆಂದು ಮುಂದೆ ಕೋಲ್‌ನನ್ನು ಕೇಳಿದನಂತೆ. ಮೂರು ವರ್ಷಗಳ ಭಾನುವಾರಗಳು ಎಂಬ ಉತ್ತರ ಬಂದಿತಂತೆ.

ಇಂದಿನ ಯಂತ್ರಗಳಿಗೆ ಇದು ಕ್ಷಣದ ಕೆಲಸ. ಆದರೂ ಆ ಭಾನುವಾರಗಳ ಭಾರವನ್ನು ಅಳೆಯಲು ಒಂದು ಲೆಕ್ಕವಿದೆ. ಈ ಸಂಖ್ಯೆಯ ಯಾವ ಭಾಜಕವನ್ನೇ ಆಗಲಿ 134ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಈ ನಿಯಮವನ್ನು ಹಿಡಿದು 135, 269, 403 ಎಂದು ಒಂದೊಂದನ್ನೇ ಪರೀಕ್ಷಿಸುತ್ತ ಹೋದರೂ, ಚಿಕ್ಕ ಭಾಜಕವು ಸಿಕ್ಕುವುದು 14,45,580ನೆಯ ಸರದಿಯಲ್ಲಿ. ಕೋಲ್ ಇದಕ್ಕಿಂತ ಸೂಕ್ಷ್ಮವಾದ ಜರಡಿಯನ್ನೇ ಹಿಡಿದಿದ್ದನು. ಆದರೂ ಕೈಲೆಕ್ಕ ಕೈಲೆಕ್ಕವೇ.

ಮನೆಯ ಮಕ್ಕಳು ಎರಡು ಭಾಜಕಗಳ ಅಂಕಗಳನ್ನೂ ಕೂಡಿ ನೋಡಲಿ: 37 ಮತ್ತು 64. 9ರಿಂದ ಭಾಗಿಸಿದರೆ ಎರಡರಲ್ಲಿಯೂ ಶೇಷ 1. ದೊಡ್ಡ ಸಂಖ್ಯೆಯ ಅಂಕಗಳ ಮೊತ್ತ 109. ಅಲ್ಲಿಯೂ ಶೇಷ 1. ನಮ್ಮ ಹಿರಿಯರು ಗುಣಾಕಾರವನ್ನು ತಾಳೆ ನೋಡುತ್ತಿದ್ದುದು ಹೀಗೆಯೇ. ತಪ್ಪಿದ ಗುಣಾಕಾರವೂ ಒಮ್ಮೊಮ್ಮೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದುಂಟು. ಆದುದರಿಂದ ರಜೆಯ ದಿನ ಪೂರ್ತಿ ಗುಣಾಕಾರವನ್ನೇ ಮಾಡಿ ನೋಡಲಿ. ಸ್ಲೇಟು ಸಾಲದು, ಉದ್ದನೆಯ ಕಾಗದವೇ ಬೇಕು.